ಹರಿಯುವ ನೀರಿನ ಫೋಟೋಗೆ ವೇರಿಯಬಲ್ ಎನ್‌ಡಿ ಬೇಕೇ, ಫಿಕ್ಸೆಡ್ ಎನ್‌ಡಿ ಸಾಕೇ?

ಜಲಪಾತ, ತೊರೆ, ಕಡಲ ಅಲೆಗಳನ್ನು ನಿಧಾನದ ಶಟರ್‌ನಲ್ಲಿ ಹಿಡಿಯಬೇಕೆಂದು ಹೊರಟವರು ಮೊದಲು ಕೊಳ್ಳುವುದು ಸಾಮಾನ್ಯವಾಗಿ ವೇರಿಯಬಲ್ ಎನ್‌ಡಿ ಫಿಲ್ಟರ್. ಎನ್‌ಡಿ ಎಂದರೆ ಲೆನ್ಸಿಗೆ ಬರುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು; ವೇರಿಯಬಲ್‌ನಲ್ಲಿ ಆ ಪ್ರಮಾಣ ಬದಲಿಸಬಹುದು, ಫಿಕ್ಸೆಡ್‌ನಲ್ಲಿ ಅದು ಒಂದೇ. ಮುಂದಿನ ರಿಂಗ್ ತಿರುಗಿಸಿದರೆ 2 ಸ್ಟಾಪ್‌ನಿಂದ 8–9 ಸ್ಟಾಪ್‌ವರೆಗೆ ಬೆಳಕು ತಗ್ಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ದುಪ್ಪಟ್ಟಾಗುವುದು), ಮೂರು ಫಿಲ್ಟರ್ ಹೊರುವ ಕೆಲಸ ತಪ್ಪುತ್ತದೆ. ಈ ಅನುಕೂಲ ನಿಜವೇ. ಆದರೂ ನೀರಿನ ಸ್ಥಿರಚಿತ್ರಗಳಿಗೆ ನಮ್ಮ ಶಿಫಾರಸು ಇದಲ್ಲ. ಒಂದು ಒಳ್ಳೆಯ ಸಿಪಿಎಲ್ (ಹೊಳಪನ್ನು ಕಡಿಮೆ ಮಾಡುವ ಸರ್ಕ್ಯುಲರ್ ಪೋಲರೈಸರ್), ಅದರ ಜೊತೆಗೆ 6 ಸ್ಟಾಪ್‌ನ ಒಂದು ಫಿಕ್ಸೆಡ್ ಎನ್‌ಡಿ: ಮೊದಲು ಕೊಳ್ಳಬೇಕಾದದ್ದು ಈ ಜೋಡಿ.

ನೀರಿನ ಫೋಟೋದಲ್ಲಿ ಎರಡು ಸಂಗತಿ ನಮ್ಮ ಹಿಡಿತದಲ್ಲಿರಬೇಕು. ಶಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದು ಒಂದು. ನೀರಿನ ಮೇಲೆ, ಒದ್ದೆ ಬಂಡೆಯ ಮೇಲೆ, ಎಲೆಗಳ ಮೇಲೆ ಬೀಳುವ ಹೊಳಪಿನಲ್ಲಿ ಎಷ್ಟು ಉಳಿಯಬೇಕು, ಎಷ್ಟು ಹೋಗಬೇಕು ಎಂಬುದು ಇನ್ನೊಂದು. ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ಬೇರೆಬೇರೆಯಾಗಿಯೇ ನಿರ್ಧರಿಸಬೇಕು. ವೇರಿಯಬಲ್ ಎನ್‌ಡಿ ಎರಡನ್ನೂ ಒಂದೇ ರಿಂಗಿಗೆ ಕಟ್ಟಿಹಾಕುತ್ತದೆ.

ಅದರ ಒಳಗಿರುವುದು ಎರಡು ಪೋಲರೈಸರ್‌ಗಳು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಗಾಜುಗಳು; ಆ ದಿಕ್ಕೇ ಅದರ ಅಕ್ಷ. ಹಿಂದಿನದು ಲೆನ್ಸಿನ ಥ್ರೆಡ್‌ಗೆ ಬಿಗಿಯಾಗಿ ಕೂತಿರುತ್ತದೆ, ಮುಂದಿನದು ತಿರುಗುತ್ತದೆ. ಎರಡರ ಅಕ್ಷ ಒಂದೇ ದಿಕ್ಕಿನಲ್ಲಿದ್ದಾಗ ಹೆಚ್ಚು ಬೆಳಕು ಒಳಬರುತ್ತದೆ, ಅಡ್ಡಡ್ಡವಾದಂತೆ ಕತ್ತಲಾಗುತ್ತದೆ. ಈ ಕತ್ತಲು ರಿಂಗ್ ತಿರುಗಿದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ. ಎರಡು ಅಕ್ಷಗಳ ನಡುವೆ 60 ಡಿಗ್ರಿ ಇದ್ದಾಗ ಕಡಿಮೆಯಾಗುವುದು ಸುಮಾರು 2 ಸ್ಟಾಪ್. 80 ಡಿಗ್ರಿಗೆ ಅದು 5 ಸ್ಟಾಪ್, 85 ಡಿಗ್ರಿಗೆ 7 ಸ್ಟಾಪ್. ಕೊನೆಯ ಆ 5 ಡಿಗ್ರಿಯಲ್ಲೇ 2 ಸ್ಟಾಪ್ ಬದಲಾಗುತ್ತದೆ, ಅಂದರೆ ಎಕ್ಸ್‌ಪೋಶರ್ ನಾಲ್ಕು ಪಟ್ಟು! ರಿಂಗಿನ ಮೇಲೆ ಸಮ ಅಂತರದಲ್ಲಿ ಗೆರೆ ಎಳೆದಿರುವ ಫಿಲ್ಟರ್‌ಗಳ ಗುರುತುಗಳನ್ನು ಲೆಕ್ಕಕ್ಕೆ ಬಳಸಲಾಗದು. ಬೆರಳು ಸ್ವಲ್ಪ ಸರಿದರೂ ಹಿಂದಿನ ಫ್ರೇಮಿನ ಲೆಕ್ಕ ಮುಂದಿನದಕ್ಕೆ ಹೊಂದುವುದಿಲ್ಲ.

ಲೆಕ್ಕ ತಪ್ಪಿದರೆ ಮತ್ತೊಮ್ಮೆ ತೆಗೆಯಬಹುದು. ಹೊಳಪಿನ ವಿಷಯದಲ್ಲಿ ಅಷ್ಟು ಸುಲಭದ ಪರಿಹಾರವಿಲ್ಲ. ತೊರೆಯ ನಡುವೆ ಒಂದು ಕಪ್ಪು ಬಂಡೆ ಇದೆ ಎಂದುಕೊಳ್ಳಿ, ನೀರು ಅದರ ಮೇಲೆ ತೆಳ್ಳಗೆ ಜಾರುತ್ತಿದೆ. ಮೋಡದ ಬೆಳಕು ಅದರ ಮೇಲೆ ಬಿಳಿ ಪೊರೆಯಾಗಿ ಕೂತಿರುತ್ತದೆ. ಪಾಚಿಯ ಹಸಿರು, ಕಲ್ಲಿನ ಕಂದು ಅದರಡಿ ಮುಚ್ಚಿಹೋಗಿರುತ್ತವೆ. ಸಿಪಿಎಲ್ ಹಾಕಿ ನಿಧಾನ ತಿರುಗಿಸಿದರೆ ಒಂದು ಹಂತದಲ್ಲಿ ಆ ಪೊರೆ ಹೊರಟುಹೋಗಿ ಬಣ್ಣ ಕಾಣಿಸಿಕೊಳ್ಳುತ್ತದೆ. ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿ ಕೆಳಗೆ ನೋಡುತ್ತಿದ್ದಾಗ ಈ ಪರಿಣಾಮ ಅತ್ಯಂತ ಹೆಚ್ಚು, ತಳದ ಉರುಟುಗಲ್ಲುಗಳೂ ಕಾಣುತ್ತವೆ. ಫಿಲ್ಟರನ್ನು ಅಲ್ಲಿಂದ 90 ಡಿಗ್ರಿ ತಿರುಗಿಸಿದರೆ ಹೊಳಪು ಪೂರ್ತಿ ಮರಳುತ್ತದೆ. ಎಷ್ಟು ಬೇಕು ಎಂಬುದು ತೆಗೆಯುವವರ ಇಷ್ಟ: ಕೆಲವು ಚಿತ್ರಗಳಿಗೆ ನೀರಿನಲ್ಲಿ ಬಿದ್ದ ಮರದ ಪ್ರತಿಬಿಂಬವೇ ಜೀವಾಳ, ಅದನ್ನು ಅಳಿಸಬಾರದು.

ವೇರಿಯಬಲ್ ಎನ್‌ಡಿಯಲ್ಲಿ ಈ ಇಷ್ಟಕ್ಕೆ ಅವಕಾಶವಿಲ್ಲ. ಅದರ ಮುಂದಿನ ಗಾಜೇ ಪೋಲರೈಸರ್, ಕತ್ತಲು ಹೆಚ್ಚಿಸಲು ತಿರುಗಿಸುವುದೂ ಅದನ್ನೇ. 1/2 ಸೆಕೆಂಡಿಗೆ ಬೇಕಾದ ಕತ್ತಲು ಸಿಕ್ಕ ಜಾಗದಲ್ಲಿ ಬಂಡೆಯ ಹೊಳಪು ಅತಿ ಹೆಚ್ಚಾಗಿರಬಹುದು; ಹೊಳಪು ಹೋಗುವ ಜಾಗದಲ್ಲಿ ಶಟರ್ 4 ಸೆಕೆಂಡಿಗೆ ಏರಿರಬಹುದು. ಇಡೀ ಫಿಲ್ಟರನ್ನು ಥ್ರೆಡ್‌ನಲ್ಲಿ ಸ್ವಲ್ಪ ಸಡಿಲಿಸಿ ತಿರುಗಿಸುವ ಉಪಾಯವೊಂದಿದೆ. ಕೆಲಸ ಆಗುತ್ತದೆ, ಆದರೆ ಸಡಿಲವಾದ ಫಿಲ್ಟರ್ ನೀರಿನ ಮೇಲೆ ತೂಗುತ್ತಿರುತ್ತದೆ. ಆ ಸಾಹಸ ಬೇಡ.

ಈಗಾಗಲೇ ವೇರಿಯಬಲ್ ಎನ್‌ಡಿ ಇರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ, ಅದರ ಮುಂದೆ ಒಂದು ಸಿಪಿಎಲ್ ಹಾಕುವುದು. ಸಿಪಿಎಲ್‌ನಿಂದ ಹೊರಬರುವ ಬೆಳಕು ವೃತ್ತಾಕಾರದ ಧ್ರುವೀಕರಣದ್ದು, ಅಂದರೆ ಯಾವ ಒಂದು ದಿಕ್ಕಿಗೂ ಕಟ್ಟುಬೀಳದ್ದು, ಆದ್ದರಿಂದ ಹಿಂದಿರುವ ಎನ್‌ಡಿ ತನ್ನ ಕೆಲಸವನ್ನು ಎಂದಿನಂತೆ ಮಾಡುತ್ತದೆ, ಹೊಳಪನ್ನು ಸಿಪಿಎಲ್ ನೋಡಿಕೊಳ್ಳುತ್ತದೆ. ಸಿಪಿಎಲ್ ಹಿಂದೆ, ಎನ್‌ಡಿ ಮುಂದೆ ಎಂದು ಹಾಕಿದರೆ ಪ್ರಯೋಜನವಿಲ್ಲ, ಹೊಳಪಿನ ತೀರ್ಮಾನ ಮುಂದಿನ ಗಾಜಿನಲ್ಲೇ ಆಗಿಹೋಗಿರುತ್ತದೆ. ಸರಿಯಾದ ಕ್ರಮದಲ್ಲಿ ಹಾಕಿದಾಗಲೂ ಬಣ್ಣ ತುಸು ವಾಲಬಹುದು. ವೈಡ್ ಲೆನ್ಸಿನಲ್ಲಿ ಎರಡು ದಪ್ಪ ಫಿಲ್ಟರ್‌ಗಳ ಅಂಚು ಚಿತ್ರದ ಮೂಲೆಗಳಿಗೆ ಬಂದು ಕೂರುತ್ತದೆ.

ವೈಡ್ ಲೆನ್ಸಿನಲ್ಲಿ ಇನ್ನೂ ಒಂದು ತೊಂದರೆ ಇದೆ. ರಿಂಗನ್ನು ಗರಿಷ್ಠದ ಹತ್ತಿರ ತಂದಾಗ ಚಿತ್ರದ ಮೇಲೆ ದೊಡ್ಡ ಗುಣಾಕಾರ ಚಿಹ್ನೆಯಂತೆ ಕಪ್ಪು ಪಟ್ಟೆ ಮೂಡುತ್ತದೆ. ಪಕ್ಕದಿಂದ ಓರೆಯಾಗಿ ಬರುವ ಕಿರಣಗಳಿಗೆ ಎರಡು ಪೋಲರೈಸರ್‌ಗಳ ನಡುವಿನ ಕೋನ ಬೇರೆಯಾಗಿ ಸಿಗುವುದೇ ಕಾರಣ. ಲೆನ್ಸ್ ಅಗಲವಾದಷ್ಟೂ ಇದು ಬೇಗ ಬರುತ್ತದೆ. ಫುಲ್‌ಫ್ರೇಮಿನಲ್ಲಿ 24 ಮಿ.ಮೀ.ಗಿಂತ ಅಗಲ ಹೋದರೆ 8–9 ಸ್ಟಾಪ್ ಎಂದು ಮಾರುವ ಫಿಲ್ಟರಿನ ಕೊನೆಯ ಭಾಗವನ್ನು ಮರೆಯುವುದೇ ಲೇಸು. ಒಳ್ಳೆಯ ತಯಾರಕರು 2–5 ಸ್ಟಾಪ್‌ಗೆ ರಿಂಗನ್ನು ತಡೆದು ನಿಲ್ಲಿಸುತ್ತಾರೆ. ಆ ತಡೆ ಇರುವುದನ್ನೇ ಕೊಳ್ಳಬೇಕು. ಟೆಲಿ ಲೆನ್ಸಿನಲ್ಲಿ ಪಟ್ಟೆ ಬರುವುದಿಲ್ಲ, ಆದರೆ ಗಾಜು ಮತ್ತು ಫಿಲ್ಮಿನ ಹಲವು ಪದರಗಳಿಂದಾಗಿ ಅಗ್ಗದ ವೇರಿಯಬಲ್‌ಗಳಲ್ಲಿ ಚಿತ್ರದ ಮೊನಚು ಕಣ್ಣಿಗೆ ಕಾಣುವಷ್ಟು ಕುಗ್ಗುತ್ತದೆ.

ಹಾಗಾದರೆ ಫಿಕ್ಸೆಡ್ ಎನ್‌ಡಿಯಲ್ಲಿ ಬೆಳಕಿಗೆ ತಕ್ಕಂತೆ ಹೊಂದಿಸಿಕೊಳ್ಳುವುದು ಹೇಗೆ? ಅದಕ್ಕೆ ಬೇಕಾದ ಬದಲಾವಣೆ ಕ್ಯಾಮೆರಾದಲ್ಲೇ ಇದೆ. ಐಎಸ್‌ಓ (ಸೆನ್ಸರಿನ ಬೆಳಕಿನ ಸಂವೇದನೆ) 100ರಿಂದ 400ಕ್ಕೆ 2 ಸ್ಟಾಪ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/11ರಿಂದ ಎಫ್/8ಕ್ಕೆ 1 ಸ್ಟಾಪ್. ಈ ವ್ಯಾಪ್ತಿಯಲ್ಲಿ ಇಂದಿನ ಸೆನ್ಸರ್‌ಗಳೂ ಲೆನ್ಸ್‌ಗಳೂ ಗುಣಮಟ್ಟ ಕಳೆದುಕೊಳ್ಳುವುದು ತೀರಾ ಕಡಿಮೆ. 6 ಸ್ಟಾಪ್ ಫಿಲ್ಟರ್ ಹಾಕಿ ಐಎಸ್‌ಓ 100, ಎಫ್/11ರಲ್ಲಿ 6 ಸೆಕೆಂಡ್ ಬಂದರೆ ಎಫ್/8ಕ್ಕೆ ತಂದಾಗ 3 ಸೆಕೆಂಡ್, ಐಎಸ್‌ಓ 200ಕ್ಕೆ ಏರಿಸಿದಾಗ 1.5, 400ರಲ್ಲಿ ಮುಕ್ಕಾಲು ಸೆಕೆಂಡ್. ವೇರಿಯಬಲ್ ಫಿಲ್ಟರಿನ ಸುರಕ್ಷಿತ ವ್ಯಾಪ್ತಿ 2ರಿಂದ 5 ಸ್ಟಾಪ್ ಎಂದರೆ ಅದೂ 3 ಸ್ಟಾಪ್‌ನ ಆಟವೇ. ಇಲ್ಲಿ ಅಷ್ಟೇ ಆಟ ಸಿಗುತ್ತದೆ, ಪಟ್ಟೆಯ ಭಯವಿಲ್ಲ, ಹೊಳಪೂ ಸ್ವತಂತ್ರ.

ಹೆಚ್ಚು ಬೆಳಕಿದ್ದಾಗ ಅಪರ್ಚರನ್ನು ಎಫ್/22ಕ್ಕೆ ಮುಚ್ಚಿ ಫಿಲ್ಟರಿಲ್ಲದೇ ನಿಭಾಯಿಸುತ್ತೇವೆ ಎನ್ನುವವರಿದ್ದಾರೆ. ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರ ಮೆತ್ತಗಾಗುತ್ತದೆ. ಬಂಡೆ, ಎಲೆಗಳ ಮೊನಚು ಹೋದರೆ ನೀರಿನ ನಯವೂ ಎದ್ದು ಕಾಣುವುದಿಲ್ಲ. ಕ್ಯಾಮೆರಾದಲ್ಲಿ ಐಎಸ್‌ಓ 50 ಎಂದು ಇರುವ ವಿಸ್ತರಿತ ಆಯ್ಕೆಯೂ ಹಾಗೆಯೇ: ಬಹುತೇಕ ಮಾದರಿಗಳಲ್ಲಿ ಅದು ಹೈಲೈಟ್‌ಗಳ, ಅಂದರೆ ಚಿತ್ರದ ಅತಿ ಬೆಳಗಿನ ಭಾಗಗಳ, ಒಂದು ಸ್ಟಾಪ್ ಜಾಗವನ್ನು ತಿಂದುಬಿಡುತ್ತದೆ. ನೊರೆನೀರಿನಲ್ಲಿ ನಮಗೆ ಬೇಕಾದದ್ದು ಸರಿಯಾಗಿ ಅದೇ ಜಾಗ.

ನೀರಿಗೆ ಎಷ್ಟು ಹೊತ್ತು ಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ, ಅದು ನೀರಿನ ವೇಗಕ್ಕೂ ಫ್ರೇಮಿನಲ್ಲಿ ನೀರು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೂ ಬಿಟ್ಟದ್ದು. ಹತ್ತಿರದಿಂದ ತೆಗೆಯುವ ರಭಸದ ಧುಮುಕಿಗೆ 1/8 ಸೆಕೆಂಡೇ ಸಾಕಾಗಬಹುದು. ಸಾಮಾನ್ಯ ತೊರೆಗೆ 1/4ರಿಂದ 1 ಸೆಕೆಂಡ್: ಈ ವ್ಯಾಪ್ತಿಯಲ್ಲಿ ನೀರಿನ ಎಳೆಗಳು ಉಳಿಯುತ್ತವೆ, ಯಾವ ಕಲ್ಲಿಗೆ ತಾಗಿ ಎತ್ತ ತಿರುಗಿತು ಎಂಬುದು ಓದಿಸಿಕೊಳ್ಳುತ್ತದೆ. 2 ಸೆಕೆಂಡ್ ದಾಟಿದ ಮೇಲೆ ಎಳೆಗಳು ಒಂದರೊಳಗೊಂದು ಬೆರೆಯುತ್ತವೆ. 10 ಸೆಕೆಂಡಿಗೆ ಹಿಂಜಿದ ಅರಳೆಯಷ್ಟೇ ಉಳಿಯುತ್ತದೆ. ಜಲಪಾತವನ್ನು 30 ಸೆಕೆಂಡ್ ತೆಗೆದರೆ ಹೆಚ್ಚು ಸುಂದರವಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಮತ್ತು ಎಷ್ಟೋ ಒಳ್ಳೆಯ ದೃಶ್ಯಗಳು ಅದರಿಂದಲೇ ಸಪ್ಪೆಯಾಗಿವೆ. ಕಡಲಲ್ಲಿ ದಡಕ್ಕೆ ಬಂದ ಅಲೆ ಹಿಂದೆ ಸರಿಯುವಾಗ 1/2ರಿಂದ 1 ಸೆಕೆಂಡ್ ತೆರೆದರೆ ಮರಳಿನ ಮೇಲೆ ನೊರೆಯ ಗೆರೆಗಳು ಉದ್ದಕ್ಕೆ ಎಳೆದುಕೊಳ್ಳುತ್ತವೆ. 30 ಸೆಕೆಂಡ್ ಮತ್ತು ಅದಕ್ಕಿಂತ ಹೆಚ್ಚಿನದು ಸಲ್ಲುವುದು ಕೆರೆ, ಕಡಲಿನ ಹರವಾದ ನೀರಿಗೆ, ಅಲೆಗಳ ಗೀರು ಪೂರ್ತಿ ಹೋಗಿ ಮೇಲ್ಮೈ ಸಪಾಟಾಗಬೇಕು ಎಂದಾಗ.

ಇದನ್ನಿಟ್ಟುಕೊಂಡು ಲೆಕ್ಕ ನೋಡಿ. ಸಿಪಿಎಲ್ ಸುಮಾರು ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ. ದಟ್ಟ ಮರಗಳ ನೆರಳಲ್ಲಿ ಐಎಸ್‌ಓ 100, ಎಫ್/11ಕ್ಕೆ 1/8 ಸೆಕೆಂಡ್ ಬರುತ್ತಿದ್ದರೆ, ಸಿಪಿಎಲ್ ಹಾಕಿದ ಕೂಡಲೇ 1/3 ಆಗುತ್ತದೆ. ಎನ್‌ಡಿಯೇ ಬೇಡ! ಮೊದಲು ಸಿಪಿಎಲ್ ಕೊಳ್ಳಿ ಎನ್ನುವುದು ಇದಕ್ಕೇ. ಮೋಡ ಕವಿದ ಬಯಲಿನಲ್ಲಿ ಅದೇ ಸೆಟ್ಟಿಂಗ್‌ಗೆ 1/30 ಬಂದರೆ ಸಿಪಿಎಲ್‌ನಿಂದ 1/10ರ ಹತ್ತಿರ, ಜೊತೆಗೆ 3 ಸ್ಟಾಪ್ ಎನ್‌ಡಿ ಹಾಕಿದರೆ ಸುಮಾರು 0.7 ಸೆಕೆಂಡ್, 6 ಸ್ಟಾಪ್ ಹಾಕಿದರೆ ಸುಮಾರು 6 ಸೆಕೆಂಡ್. ಬಿಸಿಲಿನಲ್ಲಿ 1/250 ಇದ್ದದ್ದು ಸಿಪಿಎಲ್ ಮತ್ತು 6 ಸ್ಟಾಪ್ ಸೇರಿ 0.7 ಸೆಕೆಂಡಿಗೆ ಬರುತ್ತದೆ. 3 ಸ್ಟಾಪ್ ಮಾತ್ರ ಇದ್ದವರು 1/10ರ ಆಸುಪಾಸಿನಲ್ಲೇ ನಿಲ್ಲಬೇಕು. ಬೆಳಕು ಸಾಲದಿದ್ದರೆ ಐಎಸ್‌ಓ ಏರಿಸಬಹುದು, ಹೆಚ್ಚಾದರೆ 100ಕ್ಕಿಂತ ಕೆಳಗಿಳಿಯಲು ದಾರಿ ಇಲ್ಲ. ಹಾಗಾಗಿ ಒಂದೇ ಎನ್‌ಡಿ ಎಂದರೆ 6 ಸ್ಟಾಪ್, ಎರಡನೆಯದು 3 ಸ್ಟಾಪ್. ಬಿಸಿಲು ನೇರವಾಗಿ ಬೀಳುವ ನೊರೆನೀರಿಗೆ ಮಾತ್ರ ಯಾವ ಫಿಲ್ಟರೂ ಮದ್ದಲ್ಲ. ಬಿಸಿಲಿಗೂ ನೆರಳಿಗೂ ಇರುವ ಅಂತರವನ್ನು ಎನ್‌ಡಿ ಒಂದಿಷ್ಟೂ ತಗ್ಗಿಸುವುದಿಲ್ಲ. ಮೋಡ ಬರುವವರೆಗೆ ಕಾಯಬೇಕು.

10 ಸ್ಟಾಪ್ ಫಿಲ್ಟರ್ ಕೊನೆಗೆ. ಹರವಾದ ನೀರಿಗೆ ಅದು ಅದ್ಭುತ, 1/30 ಇದ್ದದ್ದು 33 ಸೆಕೆಂಡಾಗುತ್ತದೆ. ತೊರೆಗಳಿಗೆ ಅದರ ಅಗತ್ಯ ಅಪರೂಪ.

ಡಬ್ಬಿಯ ಮೇಲೆ ಇದೇ ಅಳತೆ ಮೂರು ಬಗೆಯಲ್ಲಿ ಬರೆದಿರುತ್ತದೆ. 3 ಸ್ಟಾಪ್ ಎಂದರೆ ಎನ್‌ಡಿ8 ಅಥವಾ 0.9, 6 ಸ್ಟಾಪ್ ಎಂದರೆ ಎನ್‌ಡಿ64 ಅಥವಾ 1.8, 10 ಸ್ಟಾಪ್ ಎಂದರೆ ಎನ್‌ಡಿ1000 ಅಥವಾ 3.0. ಎನ್‌ಡಿ8 ಎಂಬುದನ್ನು 8 ಸ್ಟಾಪ್ ಎಂದು ಓದಿ ಕೊಳ್ಳುವವರು ಬಹಳ.

ಬಣ್ಣದ ವಿಷಯ. ಕಡಿಮೆ ಸ್ಟಾಪ್‌ಗಳಲ್ಲಿ ಅಗ್ಗದ ಫಿಲ್ಟರ್ ಕೂಡ ಅಷ್ಟಾಗಿ ಕೈಕೊಡುವುದಿಲ್ಲ. 6 ದಾಟಿದ ಮೇಲೆ ವ್ಯತ್ಯಾಸ ಕಾಣುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ತಡೆದು ಇನ್‌ಫ್ರಾರೆಡ್ ಅನ್ನು ಒಳಬಿಡುವ ಗಾಜಿನಲ್ಲಿ ಕಪ್ಪು ಭಾಗಗಳು ಕಂದು-ನೇರಳೆಗೆ ತಿರುಗುತ್ತವೆ, ಎಲೆಗಳ ಹಸಿರು ಕೆಡುತ್ತದೆ. ಒಂದೇ ಸಮನಾಗಿ ವಾಲಿದ ಬಣ್ಣವನ್ನು ರಾ (ಕ್ಯಾಮೆರಾ ಸಂಸ್ಕರಿಸದ) ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಸರಿಸಿ ತಿದ್ದಬಹುದು, ಇನ್‌ಫ್ರಾರೆಡ್‌ನಿಂದ ಕೆಟ್ಟದ್ದನ್ನು ಹಾಗೆ ತಿದ್ದಲಾಗದು, ಏಕೆಂದರೆ ಒಂದೊಂದು ವಸ್ತು ಒಂದೊಂದು ಪ್ರಮಾಣದಲ್ಲಿ ಅದನ್ನು ಪ್ರತಿಫಲಿಸುತ್ತದೆ. 6 ಮತ್ತು 10 ಸ್ಟಾಪ್‌ಗಳಲ್ಲಿ ಇನ್‌ಫ್ರಾರೆಡ್ (ಐಆರ್) ತಡೆ ಇರುವ, ಎರಡೂ ಕಡೆ ಕೋಟಿಂಗ್ ಇರುವ ಗಾಜನ್ನೇ ಆರಿಸಿ. ರೆಸಿನ್ (ಪ್ಲಾಸ್ಟಿಕ್) ಫಿಲ್ಟರ್ ಬಿದ್ದರೆ ಒಡೆಯುವುದಿಲ್ಲ ನಿಜ, ಗೀರು ಬೇಗ ಬೀಳುತ್ತದೆ.

ಸ್ಕ್ರೂ, ಮ್ಯಾಗ್ನೆಟಿಕ್, ಚೌಕ ಗಾಜು ಈ ಮೂರರಲ್ಲಿ ನೀರಿನ ಬಳಿಗೆ ಸ್ಕ್ರೂ ಬಗೆಯೇ ನಮಗೆ ಮೆಚ್ಚುಗೆ. ಮ್ಯಾಗ್ನೆಟಿಕ್ ಹಾಕಿ ತೆಗೆಯುವುದು ಕ್ಷಣದ ಕೆಲಸ, ಆದರೆ ಪಕ್ಕದಿಂದ ಕೊಂಬೆ ತಾಗಿದರೂ ಕಳಚಬಹುದು. ಕಳಚಿದರೆ ಬೀಳುವುದು ನೀರಿಗೇ. 100 ಮಿ.ಮೀ. ಚೌಕ ಗಾಜಿನಲ್ಲಿ ಸಿಪಿಎಲ್ ಹಿಂದೆ, ಎನ್‌ಡಿ ಮುಂದೆ ಕೂತು ಎರಡೂ ಸರಾಗವಾಗಿ ನಡೆಯುತ್ತವೆ. ಫಿಕ್ಸೆಡ್ ಎನ್‌ಡಿಯಲ್ಲಿ ಪೋಲರೈಸರ್ ಇಲ್ಲದ ಕಾರಣ ಈ ಕ್ರಮದಲ್ಲಿ ತೊಂದರೆಯಿಲ್ಲ. ಆದರೆ ಗಾಜಿನ ಹಿಂದಿನ ಫೋಮ್ ಪಟ್ಟಿ ಸರಿಯಾಗಿ ಒತ್ತಿಕೊಳ್ಳದಿದ್ದರೆ ಸಂದಿನಿಂದ ಬೆಳಕು ನುಗ್ಗಿ ಚಿತ್ರದ ಮೇಲೆ ಮಬ್ಬು ಪಟ್ಟೆ ಬೀಳುತ್ತದೆ, ಜಲಪಾತದ ತುಂತುರು ಕೂಡ ಅಲ್ಲೇ ಸೇರಿಕೊಳ್ಳುತ್ತದೆ. ಸ್ಕ್ರೂ ಬಗೆ ಕೊಳ್ಳುವಾಗ ನಿಮ್ಮಲ್ಲಿರುವ ಅತಿ ದೊಡ್ಡ ಲೆನ್ಸಿನ ಅಳತೆಗೆ, ಉದಾಹರಣೆಗೆ 77 ಮಿ.ಮೀ.ಗೆ, ಕೊಂಡು ಚಿಕ್ಕ ಲೆನ್ಸ್‌ಗಳಿಗೆ ಸ್ಟೆಪ್-ಅಪ್ ರಿಂಗ್ ಹಾಕಿಕೊಳ್ಳಿ. ರಿಂಗ್ ಹಿತ್ತಾಳೆಯದಾದರೆ ಉತ್ತಮ, ಅಲ್ಯೂಮಿನಿಯಂ ರಿಂಗ್‌ಗಳು ಹೆಚ್ಚು ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡ ಫಿಲ್ಟರನ್ನು ಎರಡು ಬೆರಳಲ್ಲಿ ಹಿಂಡಿ ಬಿಚ್ಚಲು ಹೋದರೆ ರಿಂಗ್ ಅಂಡಾಕಾರಕ್ಕೆ ಬಾಗಿ ಇನ್ನಷ್ಟು ಬಿಗಿಯುತ್ತದೆ. ಅಂಚಿಗೆ ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ ಅಂಗೈಯಿಂದ ಸಮನಾಗಿ ತಿರುಗಿಸಿದರೆ ಬರುತ್ತದೆ.

ಬಳಸುವ ಕ್ರಮದಲ್ಲಿ ತಪ್ಪಿದರೆ ಒಳ್ಳೆಯ ಫಿಲ್ಟರಿಗೂ ಕೆಟ್ಟ ಹೆಸರು ಬರುತ್ತದೆ. ಎನ್‌ಡಿ ಇಲ್ಲದೇ ಫ್ರೇಮ್ ಹೊಂದಿಸಿ, ಸಿಪಿಎಲ್ ತಿರುಗಿಸಿ ಹೊಳಪು ನಿರ್ಧರಿಸಿ, ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ. ಒಂದು ಫ್ರೇಮ್ ತೆಗೆದು ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ ಶಟರ್ ಗುರುತಿಟ್ಟುಕೊಳ್ಳಿ. ಅದನ್ನು 6 ಸ್ಟಾಪ್‌ಗೆ 64ರಿಂದ, 3 ಸ್ಟಾಪ್‌ಗೆ 8ರಿಂದ ಗುಣಿಸಿ ಮ್ಯಾನುಯಲ್ ಮೋಡ್‌ನಲ್ಲಿ ಹಾಕಿ. ಆಮೇಲೆ ಎನ್‌ಡಿ ಹಾಕುವಾಗ ಫೋಕಸ್ ರಿಂಗ್ ಅಲುಗದಂತೆ ಲೆನ್ಸಿನ ಮೈಯನ್ನು ಹಿಡಿದುಕೊಳ್ಳಿ. ಎಷ್ಟೋ ಚಿತ್ರಗಳು ಮಸುಕಾಗುವುದು ಈ ಒಂದು ಹೆಜ್ಜೆಯಲ್ಲಿ, ದೂರು ಮಾತ್ರ ಫಿಲ್ಟರಿನ ಮೇಲೆ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆಫ್, 2 ಸೆಕೆಂಡಿನ ಟೈಮರ್ ಅಥವಾ ರಿಮೋಟ್. ಡಿಎಸ್‌ಎಲ್‌ಆರ್ ಆದರೆ ವ್ಯೂಫೈಂಡರಿನ ಕಿಂಡಿ ಮುಚ್ಚಿ, ಅಲ್ಲಿಂದ ನುಗ್ಗುವ ಬೆಳಕು ಉದ್ದದ ಎಕ್ಸ್‌ಪೋಶರ್‌ನಲ್ಲಿ ಸೆನ್ಸರಿಗೂ ತಲುಪುತ್ತದೆ, ಮೀಟರನ್ನೂ ದಾರಿತಪ್ಪಿಸುತ್ತದೆ.

ನೊರೆನೀರು ಫ್ರೇಮಿನ ಅತಿ ಬೆಳಗಿನ ಭಾಗ. ಕ್ಯಾಮೆರಾ ಹೇಳಿದ್ದಕ್ಕಿಂತ 1/3ರಿಂದ 1 ಸ್ಟಾಪ್ ಕಡಿಮೆ ಕೊಟ್ಟು ಹೈಲೈಟ್ ಎಚ್ಚರಿಕೆ ಮಿನುಗದಂತೆ ನೋಡಿಕೊಳ್ಳಿ. ಕತ್ತಲಾದ ಬಂಡೆಯನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯಲ್ಲಿ ಎತ್ತಲು ಏನೂ ಇರುವುದಿಲ್ಲ. ಗಾಳಿಗೆ ಎಲೆಗಳು ಅಲುಗುತ್ತಿದ್ದರೆ ಅದೇ ಫ್ರೇಮಿನಲ್ಲಿ ಎನ್‌ಡಿ ತೆಗೆದು, ಐಎಸ್‌ಓ ಏರಿಸಿ 1/125ರಲ್ಲಿ ಇನ್ನೊಂದು ತೆಗೆದಿಡಿ, ಎಲೆಗಳನ್ನು ಅದರಿಂದ ಸೇರಿಸಿಕೊಳ್ಳಬಹುದು. ಟ್ರೈಪಾಡ್ ಕಾಲು ಹರಿವಿನಲ್ಲಿದ್ದರೆ ನೀರು ತಳ್ಳಿ ನಡುಗಿಸುತ್ತದೆ. ತೆಳುವಾದ ಕೊನೆಯ ಭಾಗವನ್ನು ಎಳೆಯದೇ, ನಡುಗಂಬ ಏರಿಸದೇ, ಕಾಲುಗಳನ್ನು ತಳದ ಕಲ್ಲಿಗೆ ತಾಗುವವರೆಗೆ ಒತ್ತಿ ನಿಲ್ಲಿಸಬೇಕು.

ಫಿಲ್ಟರೇ ಇಲ್ಲದ ದಾರಿಗಳೂ ಇವೆ. ಟ್ರೈಪಾಡ್ ಮೇಲೆ 1/8 ಸೆಕೆಂಡಿನ 16 ಫ್ರೇಮ್ ತೆಗೆದು ಸಾಫ್ಟ್‌ವೇರಿನಲ್ಲಿ ಸರಾಸರಿ ಮಾಡಿದರೆ ಒಟ್ಟು 2 ಸೆಕೆಂಡ್, ಅಂದರೆ 4 ಸ್ಟಾಪ್ ಎನ್‌ಡಿ ಹಾಕಿದಂತೆ. ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ನಾಲ್ಕನೇ ಒಂದಕ್ಕೆ ಇಳಿಯುವುದು ಹೆಚ್ಚುವರಿ ಲಾಭ. ಧುಮುಕುವ ನೀರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮಡುವಿನಲ್ಲಿ ಸುತ್ತುವ ನೊರೆಗೆ ಒಗ್ಗುವುದಿಲ್ಲ, ಫ್ರೇಮುಗಳ ನಡುವಿನ ಬಿಡುವಿನಿಂದ ಗೆರೆಯ ಬದಲು ಚುಕ್ಕಿಗಳ ಸಾಲು ಬರುತ್ತದೆ. 2019ರಲ್ಲಿ ಒಲಿಂಪಸ್ ತನ್ನ ಇ-ಎಂ1ಎಕ್ಸ್ ಕ್ಯಾಮೆರಾದಲ್ಲಿ ಇದೇ ತತ್ವವನ್ನು ಲೈವ್ ಎನ್‌ಡಿ ಎಂದು 5 ಸ್ಟಾಪ್‌ವರೆಗೆ ತಂದಿತು, 2022ರ ಓಎಂ-1ರಲ್ಲಿ ಅದು 6 ಸ್ಟಾಪ್ ಆಯಿತು. ಆ ಕ್ಯಾಮೆರಾ ಇದ್ದವರು ಸಿಪಿಎಲ್ ಒಂದನ್ನು ಕೊಂಡರೆ ಸಾಕು.

ವೇರಿಯಬಲ್ ಎನ್‌ಡಿಗೆ ನಿಜವಾದ ಜಾಗ ವೀಡಿಯೋ. ಸೆಕೆಂಡಿಗೆ 25 ಫ್ರೇಮಿನಲ್ಲಿ ಶಟರನ್ನು 1/50ಕ್ಕೆ ಕಟ್ಟಿಟ್ಟು, ಮೋಡ ಸರಿದಂತೆಲ್ಲ ರಿಂಗನ್ನು ನವಿರಾಗಿ ತಿರುಗಿಸುತ್ತಾ ಹೋಗುವ ಕೆಲಸವನ್ನು ಫಿಕ್ಸೆಡ್ ಫಿಲ್ಟರ್ ಮಾಡಲಾರದು. ತೊರೆಯ ಬಳಿ ವೀಡಿಯೋವೇ ಮುಖ್ಯ, ಫೋಟೋ ಅದರ ಜೊತೆಗೆ ಎನ್ನುವವರು ತಡೆ ಇರುವ 2–5 ಸ್ಟಾಪ್ ಕೊಳ್ಳಲಿ.

ಯಾವುದನ್ನು ಕೊಂಡರೂ ಹಿಂತಿರುಗಿಸುವ ಗಡುವಿನೊಳಗೆ ಪರೀಕ್ಷೆ ಮುಗಿಸಿ. ಫಿಕ್ಸೆಡ್ ಆದರೆ ಮೋಡದ ಬೆಳಕು ಸಮನಾಗಿ ಬಿದ್ದ ಬಿಳಿ ಗೋಡೆಯನ್ನು ಫಿಲ್ಟರಿಲ್ಲದೇ ಒಮ್ಮೆ, ಫಿಲ್ಟರ್ ಹಾಕಿ ಲೆಕ್ಕದ ಶಟರ್‌ನಲ್ಲಿ ಒಮ್ಮೆ, ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ತೆಗೆದು ಹಿಸ್ಟೋಗ್ರಾಮ್ ಹೋಲಿಸಿ. 1/3 ಸ್ಟಾಪ್ ವ್ಯತ್ಯಾಸ ಇದ್ದರೆ ಫಿಲ್ಟರಿನ ಡಬ್ಬಿಯ ಮೇಲೆ ಬರೆದಿಟ್ಟುಕೊಂಡು ಲೆಕ್ಕಕ್ಕೆ ಸೇರಿಸಿದರಾಯಿತು. ಒಂದು ಸ್ಟಾಪ್ ತಪ್ಪಿದ್ದರೆ ಹಿಂದಿರುಗಿಸಿ. ವೇರಿಯಬಲ್ ಆದರೆ ನಿಮ್ಮ ಅತಿ ಅಗಲದ ಲೆನ್ಸಿಗೆ ಹಾಕಿ, ಅದೇ ಗೋಡೆಗೆ ಹಿಡಿದು, ಕನಿಷ್ಠದಿಂದ ಗರಿಷ್ಠದವರೆಗೆ ತಿರುಗಿಸುತ್ತಾ ಒಂದೊಂದು ಫ್ರೇಮ್ ತೆಗೆಯಿರಿ. ಮೂಲೆಗಳು ಎಲ್ಲಿಂದ ಅಸಮನಾಗುತ್ತವೆಯೋ ಅಲ್ಲಿಗೆ ಆ ಲೆನ್ಸಿನ ಪಾಲಿಗೆ ಫಿಲ್ಟರ್ ಮುಗಿಯಿತು. ರಿಂಗಿನ ಅಂಚಿನಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಬಿಡಿ.